ಬಹುಮಾನ ಬಂದ ಭಾಷಣ, ಅರ್ಧ ವಾಪಸ್

ಕಳೆದ ಆಗಸ್ಟ್‌ನಲ್ಲಿ ನಮ್ಮ ಕಾಲೇಜಿನ ಸಭಾಂಗಣದಲ್ಲಿ ನಡೆದ ಚರ್ಚಾಸ್ಪರ್ಧೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ವಿಷಯ ‘ಪಾಶ್ಚಾತ್ಯ ಸಂಸ್ಕೃತಿ ಯುವಜನರನ್ನು ದಾರಿ ತಪ್ಪಿಸುತ್ತಿದೆ’. ನಾನು ಪರವಾಗಿ ಮಾತಾಡಿದೆ. ನನಗೆ ಸಿಕ್ಕ ಐದು ನಿಮಿಷದಲ್ಲಿ ಎರಡು ನಿಮಿಷ ಬ್ರಿಟನ್ನಿನ ನೈಟ್‌ಕ್ಲಬ್‌ಗಳ ಬಗ್ಗೆಯೇ ಇತ್ತು. ಅಲ್ಲಿ ಹೇಳುವವರಿಲ್ಲ ಕೇಳುವವರಿಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು, ಸರ್ಕಾರ ಕಣ್ಣು ಮುಚ್ಚಿ ಕುಳಿತಿದೆ, ಮಾಲೀಕರು ಯುವಕರನ್ನು ಕೆಡಿಸಿ ಕೋಟಿಗಟ್ಟಲೆ ಗಳಿಸುತ್ತಿದ್ದಾರೆ, ಅಂತಹ ಕಡೆ ನಮ್ಮವರ ನೆರಳೂ ಸುಳಿಯುವುದಿಲ್ಲ ಎಂದೆ. ಚಪ್ಪಾಳೆ ಬಿತ್ತು. ಎರಡನೇ ಬಹುಮಾನ ಬಂತು. ಪ್ರಮಾಣಪತ್ರವನ್ನು ಅಮ್ಮಿ ಷೋಕೇಸಿನಲ್ಲಿ ಇಟ್ಟಿದ್ದಾರೆ.

ವೇದಿಕೆ ಇಳಿದ ಮೇಲೆ ನಮ್ಮ ಅರ್ಥಶಾಸ್ತ್ರದ ಮೇಡಂ ಹತ್ತಿರ ಕರೆದು, “ಚೆನ್ನಾಗಿ ಮಾತಾಡಿದೆ” ಎಂದರು. ಆಮೇಲೆ ಮೆಲ್ಲಗೆ, “ಬ್ರಿಟನ್ನಿನ ಒಂದು ನೈಟ್‌ಕ್ಲಬ್ ಹೆಸರು ಹೇಳಮ್ಮ” ಎಂದು ಕೇಳಿದರು. ನನಗೆ ಒಂದು ಹೆಸರೂ ಬರಲಿಲ್ಲ. ಅವರು ಬೈಯಲಿಲ್ಲ, ನಕ್ಕು ಬಸ್ಸಿಗೆ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ದಸರಾ ರಜೆಯಲ್ಲಿ ಕುಳಿತು ಓದಿದೆ. ಓದಿದ ಮೇಲೆ ಆ ಎರಡು ನಿಮಿಷದಲ್ಲಿ ಅರ್ಧವನ್ನು ವಾಪಸ್ ತೆಗೆದುಕೊಳ್ಳಬೇಕು ಎನಿಸಿತು. ಸಭೆಯಲ್ಲಿ ಆಡಿದ ಮಾತನ್ನು ಸ್ಟಾಫ್‌ರೂಮಿನಲ್ಲಿ ಗುಟ್ಟಾಗಿ ವಾಪಸ್ ತೆಗೆದುಕೊಳ್ಳುವುದು ಸರಿಯಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಳಿಕೆಯ ವಿಷಯ, ಯಾಕೆಂದರೆ ವಾಣಿಜ್ಯ ವಿಭಾಗದವಳಾಗಿ ಅದರಲ್ಲೇ ತಪ್ಪಿದ್ದು ನನಗೆ ಹೆಚ್ಚು ನಾಚಿಕೆ. ಬ್ರಿಟನ್ನಿನ ಅತಿ ಹೆಸರುವಾಸಿ ಕ್ಲಬ್ ಎಂದರೆ ಮ್ಯಾಂಚೆಸ್ಟರಿನ ಹಸಿಯೆಂಡಾ. 1982ರ ಮೇ ತಿಂಗಳಲ್ಲಿ ಶುರುವಾಯಿತು. ದೋಣಿಗಳನ್ನು ಮಾರಾಟಕ್ಕಿಡುತ್ತಿದ್ದ ಒಂದು ಹಳೆಯ ಷೋರೂಮ್ ಅದು. ಹಣ ಹಾಕಿದವರು ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಕಂಪನಿ ಮತ್ತು ನ್ಯೂ ಆರ್ಡರ್ ಎಂಬ ಬ್ಯಾಂಡ್. ಆಗ ಮ್ಯಾಂಚೆಸ್ಟರಿನ ಹತ್ತಿ ಗಿರಣಿಗಳೆಲ್ಲ ಮುಚ್ಚಿ, ಕೆಲಸವಿಲ್ಲದ ಹುಡುಗರು ಬೀದಿಯಲ್ಲಿದ್ದರು. ಅಮೆರಿಕದ ಶಿಕಾಗೋದ ಕಪ್ಪು ಜನರ ಕ್ಲಬ್‌ಗಳಲ್ಲಿ ಹುಟ್ಟಿದ ‘ಹೌಸ್’ ಸಂಗೀತ ಬ್ರಿಟನ್ನಿಗೆ ಬಂದಾಗ ಅದಕ್ಕೆ ದೊಡ್ಡ ಮನೆಯಾದದ್ದು ಈ ಹಸಿಯೆಂಡಾ. 1988ರ ಹೊತ್ತಿಗೆ ವಾರವಾರವೂ ಬಾಗಿಲ ಮುಂದೆ ಉದ್ದನೆಯ ಸಾಲು.

ಆದರೆ ಲೆಕ್ಕದ ಪುಸ್ತಕ ನೋಡಿದರೆ ನಷ್ಟ. ಕಾರಣ ವಿಚಿತ್ರವಾಗಿದೆ. ಕ್ಲಬ್ಬಿಗೆ ಆದಾಯ ಬರುವುದು ಟಿಕೆಟ್‌ಗಿಂತ ಹೆಚ್ಚಾಗಿ ಬಾರ್‌ನಿಂದ. ಆ ವರ್ಷಗಳಲ್ಲಿ ಎಕ್ಸ್‌ಟಸಿ ಎಂಬ ಮಾತ್ರೆ ಹಬ್ಬಿತು. ಅದನ್ನು ನುಂಗಿದವರು ಬಿಯರ್ ಕೊಳ್ಳುತ್ತಿರಲಿಲ್ಲ, ನೀರು ಕುಡಿಯುತ್ತಿದ್ದರು. ಬಾಡಿಗೆ, ದೀಪ, ಸಂಬಳ ಎಲ್ಲ ಕ್ಲಬ್ಬಿನ ಖರ್ಚು. ಮಾತ್ರೆ ಮಾರುವ ಗೂಂಡಾಗಳಿಗೆ ಮಾತ್ರ ಖರ್ಚಿಲ್ಲದ ಲಾಭ. ಕೊನೆಗೆ ಬಾಗಿಲಲ್ಲಿ ಬಂದೂಕು ಕಾಣಿಸಿಕೊಂಡವು. ಬ್ಯಾಂಡಿನವರು ತಮ್ಮ ಹಾಡು ಮಾರಿ ಬಂದ ಹಣವನ್ನು ವರ್ಷಗಟ್ಟಲೆ ಈ ತೂತು ಕೊಡಕ್ಕೆ ಸುರಿದರು. 1997ರಲ್ಲಿ ಕ್ಲಬ್ ಮುಚ್ಚಿತು. ಕಟ್ಟಡ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿ ಅದಕ್ಕೂ ಹಸಿಯೆಂಡಾ ಎಂದೇ ಹೆಸರಿಟ್ಟರು. ಬ್ಯಾಂಡಿನ ಪೀಟರ್ ಹುಕ್ ಆಮೇಲೆ ಒಂದು ಪುಸ್ತಕ ಬರೆದರು. ಅದರ ಉಪಶೀರ್ಷಿಕೆ ‘ಕ್ಲಬ್ ನಡೆಸಬಾರದು ಹೇಗೆ’ ಎಂಬ ಅರ್ಥ ಕೊಡುತ್ತದೆ. ನಮ್ಮ ವ್ಯವಹಾರ ಅಧ್ಯಯನದ ಪಠ್ಯದಲ್ಲಿ ಇಂತಹ ಒಂದು ಅಧ್ಯಾಯ ಇದ್ದಿದ್ದರೆ ಎಲ್ಲರೂ ಓದುತ್ತಿದ್ದೆವು.

ಇದು ಒಂದೇ ಕ್ಲಬ್ಬಿನ ಕಥೆಯಲ್ಲ. ಬ್ರಿಟನ್ನಿನ ವ್ಯಾಪಾರಿ ಸಂಘವೊಂದರ ಲೆಕ್ಕದ ಪ್ರಕಾರ 2005ರಲ್ಲಿ ಅಲ್ಲಿ 3,144 ನೈಟ್‌ಕ್ಲಬ್‌ಗಳಿದ್ದವು, 2015ಕ್ಕೆ 1,733 ಉಳಿದವು. ಬಾಡಿಗೆ ಏರಿತು, ಪಕ್ಕದಲ್ಲಿ ಹೊಸ ಫ್ಲಾಟ್‌ಗಳು ಬಂದು ಸದ್ದಿನ ದೂರು ಹೆಚ್ಚಿತು, ಸಾಮಾನ್ಯ ಪಬ್‌ಗಳಿಗೂ ರಾತ್ರಿ ತಡವಾಗಿ ತೆರೆದಿರಲು ಪರವಾನಗಿ ಸಿಕ್ಕಿತು. ನಾನು ಭಾಷಣದಲ್ಲಿ ‘ದಿನೇದಿನೇ ಬೆಳೆಯುತ್ತಿರುವ ಪಿಡುಗು’ ಎಂದಿದ್ದು ವಾಸ್ತವದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಳಿದಿತ್ತು.

ಆದರೆ ಅದೇ ಹಸಿಯೆಂಡಾದಲ್ಲಿ 1989ರ ಬೇಸಿಗೆಯಲ್ಲಿ ಹದಿನಾರು ವರ್ಷದ ಒಬ್ಬ ಹುಡುಗಿ ಆ ಮಾತ್ರೆ ನುಂಗಿ ಕುಸಿದಳು, ಆಮೇಲೆ ತೀರಿಕೊಂಡಳು. ನನಗಿಂತ ಒಂದು ವರ್ಷ ಚಿಕ್ಕವಳು. ಇದನ್ನು ಓದಿದ ದಿನ ಮುಂದಕ್ಕೆ ಓದಲು ಮನಸ್ಸು ಬರಲಿಲ್ಲ. ನಾನು ವಾಪಸ್ ತೆಗೆದುಕೊಳ್ಳದ ಅರ್ಧ ಇಲ್ಲೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನನ್ನ ದೊಡ್ಡ ತಪ್ಪು. ‘ಯಾರು ಬೇಕಾದರೂ ಒಳಗೆ ಹೋಗಬಹುದು’ ಮತ್ತು ‘ನಮ್ಮವರ ನೆರಳೂ ಸುಳಿಯುವುದಿಲ್ಲ’ ಎಂದೆನಲ್ಲ, ಆ ಎರಡು ಮಾತು ಬೇರೆಬೇರೆ ಎಂದುಕೊಂಡಿದ್ದೆ. ಎರಡೂ ತಪ್ಪು, ಎರಡಕ್ಕೂ ಉತ್ತರ ಒಂದೇ ಕಡೆ ಸಿಕ್ಕಿತು.

1980ರ ದಶಕದ ಬ್ರಿಟನ್ನಿನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದಿಂದ ಹೋಗಿ ನೆಲೆಸಿದವರ ಮಕ್ಕಳು ನಮ್ಮ ವಯಸ್ಸಿಗೆ ಬಂದಿದ್ದರು. ಅಪ್ಪ ಕಾರ್ಖಾನೆಯಲ್ಲೋ ಬಸ್ಸಿನಲ್ಲೋ ಕೆಲಸ, ಅಮ್ಮ ಹೊಲಿಗೆ. ಏಷ್ಯನ್ ಮುಖ ಕಂಡರೆ ಬಾಗಿಲಲ್ಲೇ ತಡೆಯುವ ಕ್ಲಬ್‌ಗಳು ಆಗ ಇದ್ದವು. ಶೂ ಸರಿಯಿಲ್ಲ, ಸದಸ್ಯರಿಗೆ ಮಾತ್ರ, ಹೀಗೆ ಏನೋ ಒಂದು ನೆಪ. ಅಲ್ಲಿ ಬಾಗಿಲು ಕಾಯುವವನು ಬಿಡುವುದಿಲ್ಲ, ಇಲ್ಲಿ ಮನೆಯ ಬಾಗಿಲಲ್ಲಿ ಅಬ್ಬಾ ಬಿಡುವುದಿಲ್ಲ. ಎರಡು ಬಾಗಿಲ ನಡುವೆ ಆ ಮಕ್ಕಳು ಕಂಡುಕೊಂಡ ಉಪಾಯ ನೋಡಿ: ಹಗಲಿನಲ್ಲೇ ಕ್ಲಬ್ ನಡೆಸಿದರು! ಅದಕ್ಕೆ ‘ಡೇಟೈಮರ್’ ಎಂದು ಹೆಸರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೆಯಂತಹ ದೊಡ್ಡ ಸಭಾಂಗಣ ಮಧ್ಯಾಹ್ನ ಖಾಲಿ ಬಿದ್ದಿರುತ್ತಿತ್ತು. ವಾರದ ನಡುವಿನ ಒಂದು ಮಧ್ಯಾಹ್ನ ಅದನ್ನು ಬಾಡಿಗೆಗೆ ಹಿಡಿದು, ಪಂಜಾಬಿ ಭಾಂಗ್ಡಾ ಬ್ಯಾಂಡ್‌ಗಳನ್ನು ಕರೆಸಿ, ಸಾವಿರಾರು ಹುಡುಗ ಹುಡುಗಿಯರು ಸೇರಿ ಕುಣಿದು, ಅಪ್ಪ ಕೆಲಸದಿಂದ ಬರುವುದರೊಳಗೆ ಮನೆ ಸೇರುತ್ತಿದ್ದರು. ಬರ್ಮಿಂಗ್‌ಹ್ಯಾಮ್, ಬ್ರಾಡ್‌ಫರ್ಡ್‌ಗಳಲ್ಲೂ ಹೀಗೇ. ಹುಡುಗಿಯರು ಶಾಲೆಯ ಯೂನಿಫಾರ್ಮ್‌ನಲ್ಲಿ ಹೊರಟು, ಶೌಚಾಲಯದಲ್ಲಿ ಬಟ್ಟೆ ಬದಲಿಸಿ, ವಾಪಸ್ ಬರುವಾಗ ಮತ್ತೆ ಯೂನಿಫಾರ್ಮ್ ಹಾಕಿಕೊಳ್ಳುತ್ತಿದ್ದರಂತೆ. ಸಿಖ್ಖರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಅಲ್ಲಿದ್ದರು.

ಪ್ರಿನ್ಸಿಪಾಲ್ ಸರ್ ಈ ಪತ್ರಿಕೆ ಓದುತ್ತಾರೆ ಎಂದು ನನಗೆ ಗೊತ್ತು. ತರಗತಿ ತಪ್ಪಿಸುವುದು ಸರಿ ಎಂದು ನಾನು ಬರೆಯುತ್ತಿಲ್ಲ. ಸುಳ್ಳು ಹೇಳಿ ಹೋದದ್ದು ಸುಳ್ಳೇ. ಆದರೆ ಆ ಹುಡುಗಿಯರನ್ನು ‘ದಾರಿ ತಪ್ಪಿದವರು’ ಎಂಬ ಎರಡು ಪದದಲ್ಲಿ ಮುಗಿಸಲು ನನ್ನಿಂದ ಆಗುತ್ತಿಲ್ಲ. ಕಾರಣ ಹೇಳಿಬಿಡುತ್ತೇನೆ. ಸ್ಪರ್ಧೆಗೆ ಒಂದು ತಿಂಗಳ ಮೊದಲು ನಮ್ಮ ಖಾಲಾ ಮಗಳ ಮದುವೆ. ಮೆಹಂದಿಯ ರಾತ್ರಿ ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಸ್ಪೀಕರ್ ಹಚ್ಚಿ, ನಾವು ಹುಡುಗಿಯರೆಲ್ಲ ರಾತ್ರಿ ಎರಡು ಗಂಟೆಯವರೆಗೆ ಕುಣಿದಿದ್ದೆವು. ಯಾರೂ ಕುಡಿದಿರಲಿಲ್ಲ, ಯಾರೂ ಯಾರಿಗೂ ತೋರಿಸಲು ಕುಣಿಯಲಿಲ್ಲ. ಮರುದಿನ ಕಾಲು ನೋವು, ಆದರೂ ಇಡೀ ವರ್ಷದಲ್ಲಿ ಅಷ್ಟು ಹಗುರವಾದ ದಿನ ಇನ್ನೊಂದಿರಲಿಲ್ಲ. ಅದಾಗಿ ಒಂದೇ ತಿಂಗಳಿಗೆ ಮೈಕ್ ಮುಂದೆ ನಿಂತು, “ಗುಂಪಾಗಿ ಕುಣಿಯುವುದರಲ್ಲಿ ಏನು ಸುಖವಿದೆ?” ಎಂದು ಕೇಳಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಇಬ್ಬರು ಗೆಳತಿಯರು ಆ ಮದುವೆಗೆ ಬಂದವರೇ. ಅವರೂ ಚಪ್ಪಾಳೆ ತಟ್ಟಿದರು.

ಮೆಹಂದಿಗೂ ಕ್ಲಬ್ಬಿಗೂ ವ್ಯತ್ಯಾಸ ಇಲ್ಲವೇ ಎಂದು ಕೇಳುತ್ತೀರಿ. ಇದೆ, ಬಹಳ ಇದೆ. ಅಲ್ಲಿ ಮದ್ಯವಿದೆ, ಗಂಡು ಹೆಣ್ಣು ಒಟ್ಟಿಗೆ ಇದ್ದಾರೆ, ಮನೆಯ ಹಿರಿಯರು ಕೆಳಗಿನ ಮಹಡಿಯಲ್ಲಿ ಕುಳಿತಿಲ್ಲ. ಆ ವ್ಯತ್ಯಾಸ ಹೇಳಿ ವಾದ ಮಾಡಿದ್ದರೆ ನನ್ನ ಭಾಷಣ ಪ್ರಾಮಾಣಿಕವಾಗುತ್ತಿತ್ತು. ನಾನು ಮಾಡಿದ್ದು ಅದಲ್ಲ. ಅವರಿಗೆ ಇರುವ ಆಸೆ ನಮಗೆ ಇಲ್ಲವೇ ಇಲ್ಲ ಎಂಬಂತೆ ಮಾತಾಡಿದೆ.

ಆ ಡೇಟೈಮರ್ ಮಕ್ಕಳು ಬೆಳೆದು ರಾತ್ರಿಯ ಬಾಗಿಲನ್ನೂ ತೆರೆದರು. 1990ರ ದಶಕದ ನಡುವಿನಲ್ಲಿ ಪೂರ್ವ ಲಂಡನ್ನಿನ ಬ್ಲೂ ನೋಟ್ ಎಂಬ ಕ್ಲಬ್ಬಿನಲ್ಲಿ ತಬಲಾ ವಾದಕ ತಲ್ವಿನ್ ಸಿಂಗ್ ಮತ್ತು ಸಂಗಡಿಗರು ಸೋಮವಾರ ರಾತ್ರಿಯ ಕಾರ್ಯಕ್ರಮ ಶುರು ಮಾಡಿದರು. ಸೋಮವಾರ ಎಂದರೆ ಕ್ಲಬ್‌ಗಳಿಗೆ ಗಿರಾಕಿ ಕಡಿಮೆ ಇರುವ ದಿನ. ಕಾರ್ಯಕ್ರಮದ ಹೆಸರು ‘ಅನೋಖಾ’. ನಮ್ಮ ಮನೆಯಲ್ಲಿ ದಿನಾ ಬಳಸುವ ಪದ! ತಬಲಾ ಮತ್ತು ಡ್ರಮ್ ಮಷಿನ್ ಸೇರಿದ ಆ ಸಂಗೀತಕ್ಕೆ ತಲ್ವಿನ್ ಸಿಂಗ್ ಅವರಿಗೆ 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು. ಅದೇ ಸುತ್ತಿನಲ್ಲಿ ಫಾರೂಕ್ ಮತ್ತು ಹಾರೂನ್ ಶಂಶೇರ್ ಎಂಬ ಅಣ್ಣತಮ್ಮಂದಿರು ‘ಜೋಯ್’ ಎಂಬ ಹೆಸರಿನಲ್ಲಿ ಹಾಡು ಮಾಡುತ್ತಿದ್ದರು. ಅವರದು ಬಾಂಗ್ಲಾದೇಶ ಮೂಲದ ಕುಟುಂಬ. ಹಾರೂನ್ ಬಾಂಗ್ಲಾದೇಶಕ್ಕೆ ಹೋಗಿ ಅಲ್ಲಿನ ಹಾಡು, ವಾದ್ಯಗಳನ್ನು ರೆಕಾರ್ಡ್ ಮಾಡಿಕೊಂಡು ಬಂದರು. 1999ರಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡರು. ಉಳಿದ ಕೆಲಸವನ್ನು ಫಾರೂಕ್ ಮುಗಿಸಿ ಮರುವರ್ಷ ಆಲ್ಬಮ್ ತಂದರು. 2020ರಲ್ಲಿ ದಕ್ಷಿಣ ಏಷ್ಯಾ ಮೂಲದ ಬ್ರಿಟಿಷ್ ಯುವಕ ಯುವತಿಯರು ಕೂಡಿ ಒಂದು ಸಂಗೀತ ಬಳಗ ಕಟ್ಟಿದಾಗ ಅದಕ್ಕೆ ‘ಡೇಟೈಮರ್ಸ್’ ಎಂದೇ ಹೆಸರಿಟ್ಟರು. ಅವರ ಅಮ್ಮಂದಿರು ಮುಚ್ಚಿಟ್ಟಿದ್ದ ಪದವನ್ನು ಅವರು ಪೋಸ್ಟರಿನ ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದಾರೆ.

‘ಸರ್ಕಾರ ಕಣ್ಣು ಮುಚ್ಚಿದೆ’ ಎಂಬ ಮಾತಿಗೆ ಹೆಚ್ಚು ಜಾಗ ಬೇಡ, ಅಷ್ಟು ಸುಲಭವಾಗಿ ಅದು ಬಿದ್ದುಹೋಗುತ್ತದೆ. 1992ರ ಮೇ ತಿಂಗಳಲ್ಲಿ ಕಾಸಲ್‌ಮಾರ್ಟನ್ ಎಂಬ ಹಳ್ಳಿಯ ಗೋಮಾಳದಲ್ಲಿ ಪರವಾನಗಿ ಇಲ್ಲದೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ ಸುಮಾರು ಒಂದು ವಾರ ಸಂಗೀತ ಹಚ್ಚಿದರು. ಊರವರಿಗೆ ನಿದ್ದೆ ಇಲ್ಲ. ಎರಡು ವರ್ಷಗಳಾದ ಮೇಲೆ ಕಾನೂನು ಬಂತು. 1994ರ ಆ ಕಾಯ್ದೆಯ ಪ್ರಕಾರ ರಾತ್ರಿ ಬಯಲಿನಲ್ಲಿ ನೂರು ಜನ ಸೇರಿ ಜೋರು ಸಂಗೀತ ಹಾಕಿದರೆ ಪೊಲೀಸರು ಚದುರಿಸಬಹುದು, ಸ್ಪೀಕರ್ ಜಪ್ತಿ ಮಾಡಬಹುದು, ಐದು ಮೈಲಿ ದೂರದಲ್ಲೇ ವಾಹನ ತಡೆದು ವಾಪಸ್ ಕಳಿಸಬಹುದು. ಮೂರು ತಿಂಗಳ ಜೈಲೂ ಇದೆ. ಒಂದೇ ಬಡಿತ ಮತ್ತೆಮತ್ತೆ ಬರುವ ಸದ್ದೂ ಇದರಲ್ಲಿ ಸೇರುತ್ತದೆ ಎಂದು ಕಾನೂನಿನಲ್ಲೇ ಬರೆದರು. ಆಟೆಕರ್ ಎಂಬ ಜೋಡಿ ಒಂದು ಬಡಿತವೂ ಮರುಕಳಿಸದ ಹಾಗೆ ಒಂದು ಹಾಡು ಮಾಡಿ ಮಾರಾಟಕ್ಕಿಟ್ಟಿತು! 2003ರಲ್ಲಿ ನೂರು ಜನ ಎಂಬುದನ್ನು ಇಪ್ಪತ್ತಕ್ಕೆ ಇಳಿಸಿದರು. ಇಪ್ಪತ್ತು ಜನ ಎಂದರೆ ನಮ್ಮ ಮೆಹಂದಿಯ ಕೋಣೆಯಲ್ಲಿದ್ದವರಿಗಿಂತ ಕಡಿಮೆ.

ಉತ್ಸವಗಳ ಬಗ್ಗೆಯೂ ಅಂದು ಒಂದು ವಾಕ್ಯ ಹೇಳಿದ್ದೆ, ‘ಕೆಸರಿನಲ್ಲಿ ಹೊರಳುವ ಸಂಗೀತ’ ಎಂದು. ಗ್ಲಾಸ್ಟನ್‌ಬರಿಯ ಫೋಟೋ ಒಂದನ್ನು ನೋಡಿ ಹೇಳಿದ ಮಾತದು. ಮಳೆ ಬಂದ ವರ್ಷ ಕೆಸರು ಇರುವುದು ನಿಜ. ಆದರೆ ಅದನ್ನು ಶುರು ಮಾಡಿದವರು ಮೈಕಲ್ ಈವಿಸ್ ಎಂಬ ಹಾಲಿನ ರೈತರು, ಚರ್ಚಿಗೆ ಹೋಗುವ ಮೆಥಡಿಸ್ಟ್. 1970ರಲ್ಲಿ ಟಿಕೆಟ್ ಒಂದು ಪೌಂಡ್, ಜೊತೆಗೆ ಅವರದೇ ಡೈರಿಯ ಹಾಲು ಉಚಿತ. ಬಂದವರು ಸುಮಾರು 1,500. ಈಗ ಎರಡು ಲಕ್ಷಕ್ಕೂ ಹೆಚ್ಚು ಜನ. 2025ರ ಟಿಕೆಟ್ 373.50 ಪೌಂಡ್, ನಮ್ಮ ನಲವತ್ತು ಸಾವಿರ ರೂಪಾಯಿಗೂ ಹೆಚ್ಚು. ಅಷ್ಟು ಇಲ್ಲದವರು ಆಕ್ಸ್‌ಫ್ಯಾಮ್‌ನಂತಹ ಸಂಸ್ಥೆಯ ಸ್ವಯಂಸೇವಕರಾಗಿ ಪಾಳಿ ಕೆಲಸ ಮಾಡಿ ಒಳಗೆ ಹೋಗುತ್ತಾರೆ. ಕೆಲವು ವರ್ಷಕ್ಕೊಮ್ಮೆ ಉತ್ಸವವನ್ನೇ ನಿಲ್ಲಿಸಿ ಹೊಲಕ್ಕೆ ವಿಶ್ರಾಂತಿ ಕೊಡುತ್ತಾರೆ, ದನಗಳು ಮೇಯಬೇಕಲ್ಲ. ಇದು ನನಗೆ ತುಂಬ ಇಷ್ಟವಾಯಿತು.

ಇನ್ನೊಂದು ಉತ್ಸವದ ವಿಷಯ ನನ್ನ ಮನೆಯೊಳಗೇ ಇತ್ತು, ನನಗೆ ಗೊತ್ತಿರಲಿಲ್ಲ. ಅಬ್ಬಾ ರಾತ್ರಿ ಅಂಗಡಿಯ ಲೆಕ್ಕ ಬರೆಯುವಾಗ ಮೊಬೈಲಿನಲ್ಲಿ ನುಸ್ರತ್ ಫತೇ ಅಲಿ ಖಾನ್ ಅವರ ಕವ್ವಾಲಿ ಹಾಕಿಕೊಳ್ಳುತ್ತಾರೆ. ಅದರಲ್ಲಿ ಒಂದು ರೆಕಾರ್ಡಿಂಗ್ 1985ರ ಜುಲೈನಲ್ಲಿ ಇಂಗ್ಲೆಂಡಿನ ಮರ್ಸಿ ದ್ವೀಪದಲ್ಲಿ, ವೊಮ್ಯಾಡ್ ಎಂಬ ಉತ್ಸವದಲ್ಲಿ ಆದದ್ದು. ಹಾಡುಗಾರ ಪೀಟರ್ ಗೇಬ್ರಿಯಲ್ ಮತ್ತು ಸ್ನೇಹಿತರು ಕಟ್ಟಿದ ಉತ್ಸವ ಅದು. 1982ರ ಮೊದಲ ವರ್ಷವೇ ಸಾಲದಲ್ಲಿ ಮುಳುಗಿತ್ತು, ಗೇಬ್ರಿಯಲ್ ಅವರ ಹಳೆಯ ಬ್ಯಾಂಡ್ ಒಂದು ದಿನ ಸೇರಿ ಹಾಡಿ ಸಾಲ ತೀರಿಸಿತು. ಮೂರು ವರ್ಷದ ಮೇಲೆ ಅದೇ ಉತ್ಸವದ ವೇದಿಕೆಯಲ್ಲಿ, ಮಧ್ಯರಾತ್ರಿಯ ಹೊತ್ತಿಗೆ, ಭಾಷೆ ಗೊತ್ತಿಲ್ಲದ ಜನರ ಮುಂದೆ ನುಸ್ರತ್ ಸಾಹೇಬರು ನೆಲದ ಮೇಲೆ ಕುಳಿತು ಹಾಡಿದರು. ಅವರು ಪಶ್ಚಿಮದವರಿಗೆ ಪರಿಚಯವಾದದ್ದೇ ಆ ರಾತ್ರಿಯಿಂದ ಎನ್ನುತ್ತಾರೆ. 2019ರಲ್ಲಿ ಅದು ಆಲ್ಬಮ್ ಆಗಿ ಬಂತು. ನಾನು ಇದನ್ನು ಹೇಳಿದಾಗ ಅಬ್ಬಾ ಪೆನ್ ಕೆಳಗಿಟ್ಟು, “ಅದು ಲಾಹೋರ್‌ದು ಅಂತ ತಿಳಿದಿದ್ದೆ” ಎಂದರು. ಆಮೇಲೆ ಮೊದಲಿನಿಂದ ಮತ್ತೆ ಹಾಕಿದರು. ಅವರ ‘ಮಸ್ತ್ ಮಸ್ತ್’ ಹಾಡನ್ನು 1990ರಲ್ಲಿ ಬ್ರಿಸ್ಟಲ್ ನಗರದ ಮ್ಯಾಸಿವ್ ಅಟ್ಯಾಕ್ ತಂಡ ಕ್ಲಬ್‌ಗಳಿಗೆ ತಕ್ಕಂತೆ ಮರುಹೊಂದಿಸಿತು. ಒಬ್ಬ ವಲಿಯ ಹೆಸರಿನ ಹಾಡಿಗೆ ಗ್ಲಾಸು ಹಿಡಿದವರು ಕುಣಿದರು ಎಂಬುದು ನನಗೆ ಈಗಲೂ ಹಿತವಾಗುವುದಿಲ್ಲ. ಕವ್ವಾಲಿಯೇ ಬೇಡ, ಸಂಗೀತವೇ ಬೇಡ ಎನ್ನುವವರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ಅವರೊಡನೆ ವಾದಿಸುವಷ್ಟು ನಾನು ಓದಿಲ್ಲ.

ಈಗ ವಾಪಸ್ ತೆಗೆದುಕೊಳ್ಳದ ಅರ್ಧ. ಲಂಡನ್ನಿನಲ್ಲಿ ಫ್ಯಾಬ್ರಿಕ್ ಎಂಬ ಕ್ಲಬ್ ಇದೆ. 1999ರಲ್ಲಿ ಮಾಂಸದ ಮಾರುಕಟ್ಟೆಯ ಪಕ್ಕದ ನೆಲಮಾಳಿಗೆಯಲ್ಲಿ ಶುರುವಾದದ್ದು. 2016ರ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದ ಹದಿನೆಂಟು ವರ್ಷದ ಇಬ್ಬರು ಹುಡುಗರು ಮಾದಕ ವಸ್ತುವಿನಿಂದ ಸತ್ತರು. ಸ್ಥಳೀಯ ಆಡಳಿತ ಪರವಾನಗಿ ರದ್ದು ಮಾಡಿತು. ಉಳಿಸಿ ಎಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಾತುಕತೆಯಾಗಿ 2017ರ ಜನವರಿಯಲ್ಲಿ ಮತ್ತೆ ತೆರೆಯಿತು: ಗುರುತುಚೀಟಿ ಸ್ಕ್ಯಾನ್, ಹೆಚ್ಚಿನ ತಪಾಸಣೆ, ಕ್ಯಾಮೆರಾ, ಹತ್ತೊಂಬತ್ತು ತುಂಬದವರಿಗೆ ಪ್ರವೇಶವಿಲ್ಲ. ಆ ಸಮಯದಲ್ಲಿ ಲಂಡನ್ನಿನ ಮೇಯರ್ ಸಾದಿಕ್ ಖಾನ್. ಪಾಕಿಸ್ತಾನದಿಂದ ಹೋದ ಬಸ್ ಚಾಲಕರ ಮಗ, ರೋಜಾ ಹಿಡಿಯುವವರು, ಮದ್ಯ ಮುಟ್ಟದವರು. ಮುಚ್ಚಿದ್ದೇ ಒಳ್ಳೆಯದಾಯಿತು ಎಂದು ಅವರು ಸುಲಭವಾಗಿ ಹೇಳಬಹುದಿತ್ತು. ಹಾಗೆ ಹೇಳದೆ, ಜೀವವೂ ಉಳಿಯಬೇಕು ಕ್ಲಬ್ಬೂ ಉಳಿಯಬೇಕು, ಎಲ್ಲರೂ ಕುಳಿತು ದಾರಿ ಹುಡುಕಿ ಎಂಬ ನಿಲುವು ತೆಗೆದುಕೊಂಡರು. ಅದೇ ವರ್ಷ ಲಂಡನ್ನಿನ ರಾತ್ರಿ ವ್ಯವಹಾರ ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸಿದರು. ರಾತ್ರಿ ಕೆಲಸ ಮಾಡುವವರ ಬಸ್ಸು, ಸುರಕ್ಷತೆ ಇದೆಲ್ಲ ಅದರೊಳಗೇ ಬಂತು.

ನಾನು ಸಾದಿಕ್ ಖಾನ್ ಅವರಷ್ಟು ದೂರ ಹೋಗಲಾರೆ. ಮೂವರು ಸತ್ತದ್ದು ನನ್ನ ಕಣ್ಣ ಮುಂದೆ ಬರುತ್ತದೆ: ಒಬ್ಬಳಿಗೆ ಹದಿನಾರು, ಇಬ್ಬರಿಗೆ ಹದಿನೆಂಟು. ಮದ್ಯದ ಬಗ್ಗೆ, ಮಾತ್ರೆಯ ಬಗ್ಗೆ ನಾನು ಆಡಿದ ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ನಾಳೆ ಓದಲು ಮ್ಯಾಂಚೆಸ್ಟರಿಗೇ ಹೋದರೂ (ಅಬ್ಬಾ ಅವರ ಅಂಗಡಿಯ ಲೆಕ್ಕ ನೋಡಿದರೆ ಹೋಗುವ ಹಾಗೆ ಕಾಣುವುದಿಲ್ಲ) ಕ್ಲಬ್ಬಿನ ಸಾಲಿನಲ್ಲಿ ನಿಲ್ಲುವುದಿಲ್ಲ. ಆದರೆ ಆ ಮಾತಿಗೆ ಸಾಕ್ಷ್ಯ ಈಗ ನನ್ನ ಹತ್ತಿರ ಇದೆ, ಆಗಸ್ಟ್‌ನಲ್ಲಿ ಇರಲಿಲ್ಲ. ಆಗ ಬಹುಮಾನ ಬಂದದ್ದು ನನ್ನ ಧ್ವನಿಗೆ ಮತ್ತು ಸಭೆಗೆ ಮೊದಲೇ ಇಷ್ಟವಿದ್ದ ಮಾತಿಗೆ.

ರಜೆ ಮುಗಿದ ಮೇಲೆ ಸ್ಟಾಫ್‌ರೂಮಿಗೆ ಹೋಗಿ ಮೇಡಂಗೆ ಮೂರು ಹೆಸರು ಹೇಳಿದೆ: ಹಸಿಯೆಂಡಾ, ಬ್ಲೂ ನೋಟ್, ಫ್ಯಾಬ್ರಿಕ್. “ಹಾಗಾದರೆ ಮುಂದಿನ ಸಲ ವಿರೋಧವಾಗಿ ಮಾತಾಡ್ತೀಯಾ?” ಎಂದರು. ಗೊತ್ತಿಲ್ಲ ಮೇಡಂ ಎಂದೆ.

ಚರ್ಚಾ ಸಂಘದ ಸಂಚಾಲಕರಲ್ಲಿ ನನ್ನದೊಂದು ಕೋರಿಕೆ ಇದೆ. ಪರವೋ ವಿರೋಧವೋ ಎಂದು ಮೊದಲೇ ಹೆಸರು ಬರೆಸಿಕೊಳ್ಳುವುದು ಬೇಡ. ಎರಡಕ್ಕೂ ತಯಾರಾಗಿ ಬರಲಿ, ವೇದಿಕೆ ಹತ್ತುವ ಹದಿನೈದು ನಿಮಿಷ ಮೊದಲು ಚೀಟಿ ಎತ್ತಿ ಹೇಳಿ. ಮತ್ತು ಭಾಷಣ ಮುಗಿದ ಮೇಲೆ ತೀರ್ಪುಗಾರರು ಎಲ್ಲರ ಎದುರಿಗೇ ಒಂದು ಪ್ರಶ್ನೆ ಕೇಳಲಿ. ಮೇಡಂ ನನಗೆ ಕೇಳಿದಂತಹದ್ದು ಸಾಕು. ಜನವರಿಯ ಸ್ಪರ್ಧೆಗೆ ನನ್ನ ಹೆಸರು ಕೊಟ್ಟಿದ್ದೇನೆ, ಪರ ವಿರೋಧದ ಜಾಗ ಖಾಲಿ ಬಿಟ್ಟಿದ್ದೇನೆ.